ದಿನಕ್ಕೆ ಒಂದೇ ಗಂಟೆ ಇಂಟರ್ನೆಟ್: ಪಾಲಿಸೋಕೆ ಆಗುತ್ತಾ?

ನೀವು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೀರಿ. ದಿನಕ್ಕೆ ಒಂದೇ ಗಂಟೆ ಇಂಟರ್ನೆಟ್ ಎಂದು ಕಟ್ಟುನಿಟ್ಟು ಮಾಡಿಕೊಂಡರೆ ನಡೆಯುತ್ತಾ, ಯಾರಾದರೂ ಮಾಡಿ ನೋಡಿದ್ದೀರಾ, ಟೆಲಿಗ್ರಾಂ ಗ್ರೂಪುಗಳನ್ನು ಬಿಟ್ಟರೆ ಹಿಂದೆ ಬೀಳುತ್ತೇನಾ ಎಂದು ಕೇಳಿದ್ದೀರಿ.

ನಾನು ಮಾಡಿ ನೋಡಿದ್ದೇನೆ, ಈಗಲೂ ಪಾಲಿಸುತ್ತಿದ್ದೇನೆ. ಆದರೆ ‘ಒಂದು ಗಂಟೆ’ ಅನ್ನೋ ಲೆಕ್ಕ ನನ್ನಲ್ಲಿ ನಿಲ್ಲಲಿಲ್ಲ. ನಿಂತದ್ದು ಯಾವ ಹೊತ್ತಿನಲ್ಲಿ, ಮನೆಯ ಯಾವ ಜಾಗದಲ್ಲಿ ಅನ್ನೋ ಕಟ್ಟು. ನೀವು ನಿಮಿಷ ಎಣಿಸುವುದಕ್ಕಿಂತ ಜಾಗ, ಹೊತ್ತು ಗೊತ್ತು ಮಾಡಿಕೊಳ್ಳಿ ಅನ್ನೋದೇ ನನ್ನ ಉತ್ತರ.

ನಾನು ಶಿವಮೊಗ್ಗದಲ್ಲಿ ಮನೆಯಿಂದಲೇ ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕುವ ಕೆಲಸ ಮಾಡುತ್ತೇನೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ರಿಟರ್ನ್‌ಗಳಿಗೆ ಕೊನೆ ದಿನ. ಆ ದಿನಗಳಲ್ಲಿ ಪೋರ್ಟಲ್ ಮುಂದೆ ಎಷ್ಟು ಹೊತ್ತು ಕೂರಬೇಕಾಗುತ್ತೆ ಎಂದು ಹೇಳೋಕೆ ಬರುವುದಿಲ್ಲ. ಹಾಗಾಗಿ ಕೆಲಸದ ಇಂಟರ್ನೆಟ್ಟನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಮಿತಿ ಇರುವುದು ನನ್ನ ಸ್ವಂತದ್ದಕ್ಕೆ ಮಾತ್ರ. ನೀವೂ ಓದಿಗೆ ಬೇಕಾದದ್ದು ಯಾವುದು, ಸುಮ್ನೆ ನೋಡುವುದು ಯಾವುದು ಎಂದು ಮೊದಲೇ ಬೇರೆ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಯೂಟ್ಯೂಬ್ ಕ್ಲಾಸ್ ನೋಡಲು ಹೋಗಿ ಇನ್ನೇನೋ ನೋಡಿದ್ದೂ ಓದಿನ ಲೆಕ್ಕಕ್ಕೇ ಸೇರಿಬಿಡುತ್ತೆ.

ನಿಮಿಷದ ಮಿತಿ ಯಾಕೆ ನಿಲ್ಲಲ್ಲ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ 2018ರಿಂದ ಟೈಮರ್ ಸೌಲಭ್ಯ ಇದೆ. ಇನ್‌ಸ್ಟಾಗ್ರಾಂಗೆ 30 ನಿಮಿಷ ಅಂತ ಇಟ್ಟರೆ, ಅಷ್ಟು ಮುಗಿದ ಕೂಡಲೇ ಆ್ಯಪ್ ಮುಚ್ಚಿಕೊಂಡು ಐಕಾನ್ ಬೂದು ಬಣ್ಣಕ್ಕೆ ತಿರುಗುತ್ತೆ. ನೋಡಲು ಚೆನ್ನಾಗಿದೆ. ಆದರೆ ಸೆಟ್ಟಿಂಗ್ಸ್‌ಗೆ ಹೋಗಿ ಟೈಮರ್ ತೆಗೆಯುವುದೂ ಅಷ್ಟೇ ಸುಲಭ. ಐಫೋನ್‌ನಲ್ಲಂತೂ ‘ಇನ್ನು 15 ನಿಮಿಷ’, ‘ಇವತ್ತಿಗೆ ಮಿತಿ ಬೇಡ’ ಎಂದು ಅದೇ ಕೇಳುತ್ತೆ. ಬೀಗ ಹಾಕಿದವನ ಕೈಯಲ್ಲೇ ಕೀಲಿ ಇದ್ದ ಹಾಗೆ ಇದು. ರಾತ್ರಿ ಹನ್ನೊಂದಕ್ಕೆ ದಣಿದು ಕೂತಾಗ ಆ ಕೀಲಿಯನ್ನು ತಿರುಗಿಸದೆ ಇರುವುದು ಯಾರಿಗಾದರೂ ಕಷ್ಟವೇ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮಿತಿ ಅಂತ ಇಟ್ಟದ್ದು ನಿಧಾನಕ್ಕೆ ಕೋಟಾ ಆಗಿಬಿಡುತ್ತೆ. ಡೇಟಾ ಪ್ಯಾಕಿನಲ್ಲಿ ನಮಗೆಲ್ಲ ಆದದ್ದು ಇದೇ ಅಲ್ವಾ? ಸೆಪ್ಟೆಂಬರ್ 2016ರಲ್ಲಿ ಜಿಯೋ ಬರುವ ಮೊದಲು ತಿಂಗಳಿಗೆ 1 ಜಿಬಿ ಹಾಕಿಸಿಕೊಂಡು ಜೋಪಾನವಾಗಿ ಬಳಸುತ್ತಿದ್ದೆವು. ಆಮೇಲೆ ದಿನಕ್ಕೆ 1 ಜಿಬಿ, 1.5 ಜಿಬಿ ಪ್ಯಾಕ್‌ಗಳು ಬಂದವು. ಉಳಿದದ್ದು ನಾಳೆಗೆ ಸಿಗಲ್ಲ, ರಾತ್ರಿ 12ಕ್ಕೆ ಹೊಸದು ಶುರು. ಮಲಗುವ ಮುಂಚೆ ‘ಇನ್ನೂ ಅರ್ಧ ಜಿಬಿ ಇದೆ, ಖಾಲಿ ಮಾಡೋಣ’ ಎಂದು ಕೂರುವವರನ್ನು ನೀವೂ ನೋಡಿರುತ್ತೀರಿ. ಒಂದು ಗಂಟೆಯ ನಿಯಮವೂ ಹಾಗೇ. ಇವತ್ತು ಇಪ್ಪತ್ತೇ ನಿಮಿಷ ಆಯ್ತು, ಇನ್ನು ನಲವತ್ತು ಬಾಕಿ ಇದೆ ಎಂದು ಮನಸ್ಸು ಲೆಕ್ಕ ಹಾಕುತ್ತೆ. ಬೇಡದಿದ್ದರೂ ಕೈ ಫೋನಿಗೆ ಹೋಗುತ್ತೆ. ದಿನವಿಡೀ ಇಂಟರ್ನೆಟ್ ಬಗ್ಗೆಯೇ ಯೋಚನೆ. ನನಗೆ ತಪ್ಪಿಸಿಕೊಳ್ಳಬೇಕಾಗಿದ್ದದ್ದು ಆ ಯೋಚನೆಯಿಂದ.

ಜೊತೆಗೆ ನಾವು ನೋಡುವ ಪುಟಗಳಿಗೆ ಕೊನೆಯೇ ಇಲ್ಲ. ಮೊದಲೆಲ್ಲ ಪುಟ ಮುಗಿದರೆ ಕೆಳಗೆ ‘ಮುಂದಿನ ಪುಟ’ ಎಂದು ಇರುತ್ತಿತ್ತು. ಅಲ್ಲಿ ಒಂದು ಕ್ಷಣ ಕೈ ನಿಲ್ಲುತ್ತಿತ್ತು. ತಾನಾಗೇ ಬರುತ್ತಾ ಹೋಗುವ ಈಗಿನ ಸ್ಕ್ರಾಲ್ ವಿನ್ಯಾಸವನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್. ಅದನ್ನು ಮಾಡಿದ್ದಕ್ಕೆ ಅವರೇ ಮುಂದೆ ಬೇಸರ ಪಟ್ಟುಕೊಂಡಿದ್ದಾರೆ. ನಮ್ಮಲ್ಲಿ 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈನಲ್ಲೇ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಪ್ರಯೋಗ ಭಾರತದಲ್ಲೇ ಶುರುವಾಯಿತು. ಅಲ್ಲಿಗೆ ನಿಲ್ಲುವ ಜಾಗ ಅನ್ನೋದೇ ಹೋಯ್ತು. ಇದರಲ್ಲಿ ‘ಹತ್ತು ನಿಮಿಷ ನೋಡಿ ಬಿಡುತ್ತೇನೆ’ ಅನ್ನುವುದನ್ನು ನಾನು ನಂಬುವುದಿಲ್ಲ. ನಿಮ್ಮ ಮನಸ್ಸು ದುರ್ಬಲ ಎಂದು ಬೈದುಕೊಳ್ಳಬೇಡಿ. ಅದನ್ನು ಮಾಡಿರುವುದೇ ನಿಲ್ಲದ ಹಾಗೆ.

ಈಗ ನನ್ನ ಏರ್ಪಾಡು ಹೇಳುತ್ತೇನೆ. ಫೋನಿನಲ್ಲಿ ಮೊಬೈಲ್ ಡೇಟಾ ಆಫ್, ಮನೆಯ ವೈಫೈಗೂ ಫೋನನ್ನು ಜೋಡಿಸಿಲ್ಲ. ಕರೆ, ಎಸ್‌ಎಂಎಸ್ ಬರುತ್ತವೆ, ಹಾಗಾಗಿ ಬ್ಯಾಂಕಿನ ಒಟಿಪಿಗೆ ತೊಂದರೆ ಇಲ್ಲ. ಚಾರ್ಜರ್ ಹಾಲಿನಲ್ಲಿ ಟಿವಿ ಪಕ್ಕ ಇದೆ, ಮಲಗುವ ಕೋಣೆಗೆ ಫೋನ್ ಬರುವುದಿಲ್ಲ. ಸ್ವಂತಕ್ಕೆ ಏನೇ ನೋಡಬೇಕಿದ್ದರೂ ಸಂಜೆ ಏಳರಿಂದ ಎಂಟು, ಕೆಲಸದ ಮೇಜಿನ ಕಂಪ್ಯೂಟರ್‌ನಲ್ಲಿ ಮಾತ್ರ. ಎಂಟಕ್ಕೆ ರೂಟರ್ ಸ್ವಿಚ್ ತೆಗೆಯುತ್ತೇವೆ. ಯುಪಿಐ ಒಂದೇ ತಲೆನೋವು ಕೊಟ್ಟದ್ದು. ತರಕಾರಿಯವರು, ಆಟೊದವರು ಎಲ್ಲರೂ ಈಗ ಸ್ಕ್ಯಾನ್ ಮಾಡಿ ಅನ್ನುತ್ತಾರೆ. ಪರ್ಸಿನಲ್ಲಿ ಚಿಲ್ಲರೆ ನೋಟು ಇಟ್ಟುಕೊಳ್ಳುವ ಹಳೇ ಅಭ್ಯಾಸ ಮತ್ತೆ ಬಂತು. ತೀರಾ ಬೇಕಾದರೆ ಅಂಗಡಿಯ ಮುಂದೆ ಡೇಟಾ ಆನ್ ಮಾಡಿ, ದುಡ್ಡು ಹಾಕಿ, ಅಲ್ಲೇ ಆಫ್ ಮಾಡುತ್ತೇನೆ.

ಕಂಪ್ಯೂಟರ್ ಪಕ್ಕ ಒಂದು ಚಿಕ್ಕ ನೋಟ್‌ಬುಕ್ ಇದೆ. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ. ಹಗಲು ಏನಾದರೂ ನೋಡಬೇಕು ಅನ್ನಿಸಿದರೆ ಅದರಲ್ಲಿ ಗೀಚಿಡುತ್ತೇನೆ. ನಿನ್ನೆಯ ಪುಟದಲ್ಲಿ ಹೀಗಿದೆ: ಮೆಸ್ಕಾಂ ಬಿಲ್, ತಾಳಗುಪ್ಪ ರೈಲಿಗೆ ಅಮ್ಮನ ಟಿಕೆಟ್, ರಾಶಿ ಅಡಿಕೆ ರೇಟು, ಮಗಳ ಶಾಲೆಯ ಗ್ರೂಪು, ಹಳೇ ಕುಕ್ಕರಿಗೆ ಗ್ಯಾಸ್ಕೆಟ್ ಸಿಗುತ್ತಾ, ಆ ಧಾರಾವಾಹಿಯ ಅಜ್ಜಿ ಪಾತ್ರದವರು ಯಾರು. ಸಂಜೆ ಕೂತಾಗ ಕೊನೆಯ ಎರಡು ಬೇಡ ಅನ್ನಿಸಿತು, ಗೀಟು ಎಳೆದೆ. ಪಟ್ಟಿ ಮುಗಿದ ಮೇಲೆ ಎದ್ದು ಹೋಗಲು ಕಷ್ಟವೇ ಆಗಲ್ಲ. ಯಾಕೆಂದರೆ ಪಟ್ಟಿಗೆ ಕೊನೆ ಅನ್ನೋದು ಇದೆ.

ಜಾಗಕ್ಕೆ ಮಿತಿ ಹಾಕುವುದು ನನಗೆ ಮಾತ್ರ ಒಗ್ಗಿದ್ದಲ್ಲ. 2025ರ ಫೆಬ್ರುವರಿಯಲ್ಲಿ ಪಿಎನ್‌ಎಎಸ್ ನೆಕ್ಸಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 467 ಜನರನ್ನು ಸೇರಿಸಿಕೊಂಡು, ಎರಡು ವಾರ ಅವರ ಫೋನಿನಲ್ಲಿ ಇಂಟರ್ನೆಟ್ ಮಾತ್ರ ಬಂದ್ ಮಾಡಿಸುವ ಪ್ರಯೋಗ ಅದು. ಕರೆ, ಮೆಸೇಜು ಇದ್ದವು, ಕಂಪ್ಯೂಟರ್‌ನಲ್ಲಿ ಇಂಟರ್ನೆಟ್ ನೋಡಲು ತಡೆ ಇರಲಿಲ್ಲ. ಗಮನ ಇಟ್ಟು ಕೂರುವ ಶಕ್ತಿ, ಮನಸ್ಸಿನ ನೆಮ್ಮದಿ ಎರಡೂ ಹೆಚ್ಚಿದವು. ಆದರೆ ಹೇಳಿದ ಹಾಗೆ ಹೆಚ್ಚುಕಡಿಮೆ ಪೂರ್ತಿ ಪಾಲಿಸಿದವರು ಕಾಲು ಭಾಗದಷ್ಟು ಜನ ಮಾತ್ರ. ತಾವಾಗಿ ಒಪ್ಪಿ ಬಂದವರಿಗೇ ಅಷ್ಟು ಕಷ್ಟವಾಗಿದೆ. ನಿಮಗೆ ಮೊದಲ ವಾರ ಆಗಲಿಲ್ಲ ಅಂದರೆ ಬಿಟ್ಟುಬಿಡಬೇಡಿ.

ಮನೆಯವರು ಜೊತೆಗಿದ್ದರೆ ಅರ್ಧ ಕೆಲಸ ಆದಂತೆ. ಬೆಳಗಾವಿಗೆ ಅಂಟಿಕೊಂಡಿರುವ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗಿಸುವ ಏರ್ಪಾಡು ಮಾಡಿದರು. ಎಂಟೂವರೆವರೆಗೆ ಊರಿಗೆ ಊರೇ ಟಿವಿ, ಫೋನ್ ಬಂದ್ ಮಾಡಬೇಕು, ಮಕ್ಕಳು ಓದಬೇಕು. ಪಕ್ಕದ ಕೋಣೆಯಲ್ಲಿ ರೀಲ್ಸ್ ಸದ್ದು ಬರುತ್ತಿದ್ದರೆ ನೀವೊಬ್ಬರೇ ಪುಸ್ತಕ ಹಿಡಿದು ಕೂರುವುದು ಎಷ್ಟು ಕಷ್ಟ, ಯೋಚಿಸಿ. ಅಪ್ಪ ಅಮ್ಮನಿಗೆ, ರೂಮ್‌ಮೇಟ್‌ಗೆ ನಿಮ್ಮ ಹೊತ್ತು ಯಾವುದೆಂದು ಬಾಯಿ ಬಿಟ್ಟು ಹೇಳಿ.

ಇದರಲ್ಲಿ ನಷ್ಟವೂ ಇದೆ, ಅದನ್ನು ಮುಚ್ಚಿಡಬಾರದು. ಈಗ ಸಾವಿನ ಸುದ್ದಿಯನ್ನೂ ಫೋನ್ ಮಾಡಿ ಹೇಳುವವರು ಕಡಿಮೆ, ವಾಟ್ಸ್ಯಾಪ್ ಗ್ರೂಪಿಗೆ ಹಾಕಿಬಿಡುತ್ತಾರೆ. ನಮ್ಮ ದೊಡ್ಡಪ್ಪ ತೀರಿಹೋದದ್ದು ನನಗೆ ಗೊತ್ತಾಗುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಆ ನೋವು ಇನ್ನೂ ಹೋಗಿಲ್ಲ. ಅದಾದ ಮೇಲೆ ಹತ್ತಿರದ ಎಲ್ಲರಿಗೂ ಕರೆ ಮಾಡಿ ‘ಮುಖ್ಯ ವಿಷಯ ಇದ್ದರೆ ನನಗೆ ಫೋನೇ ಮಾಡಿ’ ಎಂದು ಕೇಳಿಕೊಂಡೆ. ಮಾಡುತ್ತಿದ್ದಾರೆ. ನೀವು ಈ ಮಾತನ್ನು ಶುರು ಮಾಡುವ ಮುಂಚೆಯೇ ಹೇಳಿಬಿಡಿ.

ಸಿಕ್ಕಿದ್ದು ಏನು ಅಂದರೆ, ಎಂಟರಿಂದ ಹತ್ತು. ಊಟ, ಮಗಳ ಹೋಂವರ್ಕ್, ಭದ್ರಾವತಿ ಆಕಾಶವಾಣಿ, ಆಮೇಲೆ ಓದು. ಮೊದಮೊದಲು ಆ ಹೊತ್ತು ಬಹಳ ಉದ್ದ ಅನ್ನಿಸುತ್ತಿತ್ತು, ಏನು ಮಾಡಬೇಕೋ ತೋಚುತ್ತಿರಲಿಲ್ಲ. ಈಗ ಒಂದೇ ಪುಸ್ತಕವನ್ನು ಎದ್ದೇಳದೆ ನಲವತ್ತು ಪುಟ ಓದಬಲ್ಲೆ. ಪರೀಕ್ಷೆಗೆ ಓದುವವರಿಗೆ ಇದಕ್ಕಿಂತ ಬೇಕಾದದ್ದು ಇನ್ನೇನಿದೆ?

ಒಂದು ಮಾತು. ಎಷ್ಟು ಪ್ರಯತ್ನಪಟ್ಟರೂ ನಿದ್ದೆ, ಊಟ, ಓದು ಎಲ್ಲ ಕೆಡುತ್ತಿದೆ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಶುರು ಮಾಡಿದ ‘ಶಟ್’ ಕ್ಲಿನಿಕ್ ಇದೆ. ಹೋಗಲು ಸಂಕೋಚ ಬೇಡ.

ಇನ್ನು ಟೆಲಿಗ್ರಾಂ. ನನ್ನ ತಮ್ಮನೂ ಇದೇ ಪರೀಕ್ಷೆಗೆ ಓದುತ್ತಿರುವುದರಿಂದ ಆ ಗ್ರೂಪುಗಳನ್ನು ನೋಡಿದ್ದೇನೆ. ಒಂದೇ ಪಿಡಿಎಫ್ ಹತ್ತು ಗ್ರೂಪಿನಲ್ಲಿ ತಿರುಗುತ್ತಿರುತ್ತೆ, ಉಳಿದದ್ದೆಲ್ಲ ಕಟ್ ಆಫ್ ಎಷ್ಟಾಗಬಹುದು, ಪರೀಕ್ಷೆ ಮುಂದೆ ಹೋಗುತ್ತಾ ಅನ್ನೋ ಜಗಳ. ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಭಾನುವಾರ ಕೂತು ಬೇಕಾದ ಅಧ್ಯಾಯಗಳನ್ನು ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ. ಪ್ರಚಲಿತ ವಿದ್ಯಮಾನಕ್ಕೆ ಮನೆಗೆ ಒಂದು ಪೇಪರ್ ಹಾಕಿಸಿ. ಅಧಿಸೂಚನೆ, ತಿದ್ದುಪಡಿ ಎಲ್ಲ ಕೆಪಿಎಸ್‌ಸಿಯ ಸ್ವಂತ ಜಾಲತಾಣದಲ್ಲೇ ಬರುತ್ತವೆ, ಅದನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ಹಾಲ್ ಟಿಕೆಟ್ ಬಿಡುವ ಸಮಯ ಹತ್ತಿರ ಬಂದಾಗ ಮಾತ್ರ ದಿನಾ ಸಂಜೆ ಒಮ್ಮೆ ತೆರೆದು ನೋಡಿ.