ಕಂಪನಿಯ ಸರ್ವರ್ ಆಫೀಸಿನಲ್ಲೇ ಇಟ್ಟುಕೊಂಡರೆ ಏನು ತೊಂದರೆ?

ಸರ್ವರ್ ನಿಮ್ಮದಾದರೆ ಅದರ ಪೂರ್ತಿ ಆರೈಕೆಯೂ ನಿಮ್ಮ ತಲೆ ಮೇಲೆ. ಇದೇ ಮುಖ್ಯ ತೊಂದರೆ. ಕರೆಂಟ್, ಯುಪಿಎಸ್, ಎಸಿ ಹೇಗೋ ನೋಡಿಕೊಳ್ಳಬಹುದು. ನನ್ನ ಪ್ರಕಾರ ಜಾಸ್ತಿ ಅಪಾಯ ಇರುವುದು ಅಪ್‌ಡೇಟ್‌ನಲ್ಲಿ.

2021ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಎಂಬ ಇಮೇಲ್ ಸರ್ವರ್‌ನಲ್ಲಿ ದೊಡ್ಡ ದೋಷಗಳು ಬಯಲಾದವು. ಅದೇ ಕಂಪನಿಯ ಕ್ಲೌಡ್ ಇಮೇಲ್‌ಗೆ, ಅಂದರೆ ಮೈಕ್ರೋಸಾಫ್ಟ್ ತನ್ನ ಸರ್ವರ್‌ಗಳಲ್ಲೇ ಇಟ್ಟು ಇಂಟರ್ನೆಟ್ ಮೂಲಕ ಕೊಡುವ ಇಮೇಲ್‌ಗೆ, ಆ ತೊಂದರೆ ಇರಲಿಲ್ಲ. ತಮ್ಮಲ್ಲೇ ಸರ್ವರ್ ಇಟ್ಟುಕೊಂಡವರು ಮಾತ್ರ ಪ್ಯಾಚ್, ಅಂದರೆ ದೋಷ ಮುಚ್ಚುವ ತೇಪೆ, ತಾವೇ ಹಾಕಬೇಕಿತ್ತು. ಅಷ್ಟರಲ್ಲಿ ಹ್ಯಾಕರ್‌ಗಳು ಸಾವಿರಾರು ಕಡೆ ನುಗ್ಗಿಬಿಟ್ಟಿದ್ದರು. ಅವರು ಒಳಗೆ ಬಿಟ್ಟುಹೋದ ಕಳ್ಳದಾರಿ, ಪ್ಯಾಚ್ ಹಾಕಿದ ಮೇಲೂ ಹಾಗೇ ಉಳಿಯುತ್ತಿತ್ತು.

ಇನ್ನೊಂದು, ಹಬ್ಬದ ವಾರದ ರಶ್‌ಗೆ ಬೇಕಾದಷ್ಟು ದೊಡ್ಡ ಮಷೀನ್ ಮೊದಲೇ ಕೊಳ್ಳಬೇಕು. ಉಳಿದ ದಿನ ಅದು ಸುಮ್ನೆ ಕೂತಿರುತ್ತದೆ, ಅಲ್ವಾ? ಬ್ಯಾಕಪ್ ಅಂತೂ ದಯವಿಟ್ಟು ಅದೇ ಕೋಣೆಯಲ್ಲಿ ಇಡಬೇಡಿ.