ಶೂಬರ್ಟ್ ಬರೆಯುತ್ತಾ ಬರೆಯುತ್ತಾ ಸತ್ತನಾ?

ಪ್ರಶ್ನೆ: ಸಂಗೀತಕಾರ ಶೂಬರ್ಟ್‌ನ ‘ಅಪೂರ್ಣ ಸಿಂಫನಿ’ (ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ) ಅರ್ಧಕ್ಕೆ ನಿಂತದ್ದು ಬರೆಯುತ್ತಿರುವಾಗಲೇ ಅವನು ತೀರಿಕೊಂಡದ್ದರಿಂದ ಅಂತೆ. ನಿಜವೇ?

ಉತ್ತರ: ಸುಳ್ಳು. ಎಷ್ಟು ಸಲ ಹೇಳಿದರೂ ಈ ಕಥೆ ಸಾಯುವುದಿಲ್ಲ. ಎರಡು ತಾರೀಖು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಅಲ್ವಾ? ಹಸ್ತಪ್ರತಿಯ ಮೇಲಿರುವುದು 1822ರ ಅಕ್ಟೋಬರ್ 30. ಆಗ ಅವನಿಗೆ 25 ವರ್ಷ. ವಿಯೆನ್ನಾದಲ್ಲಿ ಅವನು ಸತ್ತದ್ದು 1828ರ ನವೆಂಬರ್ 19ರಂದು. ನಡುವಿನ ಆರು ವರ್ಷದಲ್ಲಿ ಸಿ ಮೇಜರ್ ಎಂಬ ಸ್ವರಶ್ರೇಣಿಯ ಇನ್ನೊಂದು ದೊಡ್ಡ ಸಿಂಫನಿಯನ್ನು ಪೂರ್ತಿ ಬರೆದು ಮುಗಿಸಿದ್ದಾನೆ. ಸಾವು ತಡೆಯಿತು ಅನ್ನುವವರು ಇದಕ್ಕೇನು ಹೇಳುತ್ತಾರೆ?

ನಾಲ್ಕು ಭಾಗ ಇರಬೇಕಾದ ಕಡೆ ಎರಡೇ ಪೂರ್ತಿಯಾಗಿವೆ. ಮೂರನೆಯದಕ್ಕೆ ಪಿಯಾನೋ ಕರಡು ಬಹುಪಾಲು ಇದೆ. ಅದರಲ್ಲಿ ವಾದ್ಯವೃಂದಕ್ಕೆ ಹಂಚಿ ಬರೆದದ್ದು ಸುಮಾರು 20 ಬಾರ್ (ತಾಳದ ಒಂದೊಂದು ಸುತ್ತು) ಮಾತ್ರ. ಯಾಕೆ ಬಿಟ್ಟ? ಆ ವರ್ಷದ ಕೊನೆಗೆ ಅವನಿಗೆ ಸಿಫಿಲಿಸ್ ತಗುಲಿತ್ತು ಎಂಬುದೊಂದು ಕಾರಣ. ನನಗೆ ಅದಕ್ಕಿಂತ ಸಂಗೀತದೊಳಗಿನ ಕಾರಣವೇ ದೊಡ್ಡದಾಗಿ ಕಾಣುತ್ತದೆ. ಮೊದಲ ಭಾಗ ಮೂರರ ನಡೆ, ಅಂದರೆ ಒಂದು-ಎರಡು-ಮೂರು ಎಂದು ಎಣಿಸುವ ತಾಳ. ಎರಡನೆಯದೂ ಮೂರರದೇ. ಮೂರನೆಯದನ್ನೂ ಮೂರರಲ್ಲೇ ಶುರು ಮಾಡಿದ. ಅಂಥ ಎರಡು ಭಾಗ ಆದಮೇಲೆ ಈ ಕರಡು ಸಪ್ಪೆ. ಅದು ಅವನ ಕಿವಿಗೂ ಕೇಳಿಸಿರಬೇಕು. ಅರ್ಧಕ್ಕೆ ಬಿಟ್ಟ ಕೃತಿ ಅವನಲ್ಲಿ ಇದೊಂದೇ ಅಲ್ಲ.

ನಿಜವಾಗಿ ಸಂಕಟ ಆಗಬೇಕಾದ ಕಥೆ ಬೇರೆಯೇ ಇದೆ. ಹಸ್ತಪ್ರತಿ ಗ್ರಾಜ್ ಊರಿನ ಗೆಳೆಯ ಅನ್ಸೆಲ್ಮ್ ಹ್ಯೂಟನ್‌ಬ್ರೆನ್ನರ್ ಕೈ ಸೇರಿತು. ಅವನ ಮನೆಯಲ್ಲೇ ದಶಕಗಳ ಕಾಲ ಉಳಿಯಿತು. ಶೂಬರ್ಟ್ ಸತ್ತಾಗಲೂ ಅವನು ಅದನ್ನು ಹೊರಗೆ ತೆಗೆಯಲಿಲ್ಲ. ಕೊನೆಗೆ 1865ರಲ್ಲಿ ವಿಯೆನ್ನಾದ ವಾದ್ಯವೃಂದ ನಿರ್ದೇಶಕ ಯೋಹಾನ್ ಹೆರ್ಬೆಕ್ ಗ್ರಾಜ್‌ಗೆ ಹೋಗಿ, ಹ್ಯೂಟನ್‌ಬ್ರೆನ್ನರನ ಕೃತಿಯನ್ನೂ ನುಡಿಸುವುದಾಗಿ ಪುಸಲಾಯಿಸಿ ಪ್ರತಿ ತಂದ. ಅದೇ ಡಿಸೆಂಬರ್ 17ರಂದು ವಿಯೆನ್ನಾ ಮೊದಲ ಸಲ ಅದನ್ನು ಕೇಳಿತು. ಬರೆದವನ ಕಿವಿಗೆ ಅದು ಒಮ್ಮೆಯೂ ಬೀಳಲಿಲ್ಲ. ಈ ಮಾತು ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಪ್ರಶ್ನೆ: ಉಳಿದ ಭಾಗವನ್ನು ಕಂಪ್ಯೂಟರ್ ಬರೆದು ಮುಗಿಸಿದೆಯಂತೆ, ಕೇಳಬಹುದಾ?

ಉತ್ತರ: 2019ರಲ್ಲಿ ಒಂದು ಮೊಬೈಲ್ ಕಂಪನಿ ಮಾಡಿಸಿದ ಪ್ರಚಾರ ಅದು. ಮೊದಲ ಎರಡು ಭಾಗ ಹತ್ತು ಸಲ ಕೇಳಿ, ಆಮೇಲೆ ಬೇಕೆನಿಸಿದರೆ ನೋಡೋಣ.

ಪ್ರಶ್ನೆ: ಸಂಗೀತದ ಶ್ರುತಿಯನ್ನು 432 ಹರ್ಟ್ಜ್‌ಗೆ ಇಳಿಸಿ ಕೇಳಿದರೆ ಮೈಗ್ರೇನ್ ವಾಸಿಯಾಗುತ್ತದೆ ಎಂದು ಒಬ್ಬರು ಕೋರ್ಸ್ ಮಾರುತ್ತಿದ್ದಾರೆ.

ಉತ್ತರ: ದುಡ್ಡು ಕೊಡಬೇಡಿ. ತಲೆನೋವಿಗೆ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಗರ್ಭಿಣಿ ಮೊಜಾರ್ಟ್ ಕೇಳಿದರೆ ಮಗು ಜಾಣ ಆಗುತ್ತದಾ?

ಉತ್ತರ: ಇಲ್ಲ. ಈ ಮಾತಿಗೆ ಮೂಲವಾದ 1993ರ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ.

ಪ್ರಶ್ನೆ: ಅಪೂರ್ಣ ಸಿಂಫನಿ ಹಾಕಿದರೆ ಶುರುವಿನಲ್ಲಿ ಏನೂ ಕೇಳಿಸುವುದಿಲ್ಲ. ರೆಕಾರ್ಡಿಂಗ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಚೆಲ್ಲೋ ಮತ್ತು ಡಬಲ್ ಬಾಸ್ ಎಂಬ ದಪ್ಪ ದನಿಯ ತಂತಿವಾದ್ಯಗಳು ತೀರಾ ಮೆಲ್ಲಗೆ, ತಳದಲ್ಲಿ ಶುರು ಮಾಡುತ್ತವೆ. ದಯವಿಟ್ಟು ಇಯರ್‌ಫೋನ್ ವಾಲ್ಯೂಮ್ ಜಾಸ್ತಿ ಮಾಡಬೇಡಿ. ಸ್ವಲ್ಪ ಹೊತ್ತಿಗೆ ಚೆಲ್ಲೋಗಳು ಒಂದು ಚೆಂದದ ಹಾಡು ಎತ್ತಿಕೊಳ್ಳುತ್ತವೆ. ಅದು ನಡುವೆಯೇ ತುಂಡಾಗುತ್ತದೆ. ಒಂದು ಇಡೀ ಬಾರ್ ಮೌನ. ಮರುಕ್ಷಣ ವಾದ್ಯವೃಂದ ಪೂರ್ತಿ ಬಲದಿಂದ ಅಪ್ಪಳಿಸುತ್ತದೆ. ರಾತ್ರಿ ಫ್ಯಾನ್ ಆರಿಸಿ, ಸ್ಪೀಕರ್‌ನಲ್ಲಿ ಹಾಕಿ ಕೇಳಿ.