ಓದುಗರ ಪ್ರಶ್ನೆ: ಭೂಗೋಳ ವಿಭಾಗದಲ್ಲಿ ಜಿಐಎಸ್ ಕಲಿಕೆ

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಭೂಗೋಳಶಾಸ್ತ್ರದ ಉಪನ್ಯಾಸಕ. ನಮ್ಮಲ್ಲಿ ಹತ್ತು ಹಳೆಯ ಕಂಪ್ಯೂಟರುಗಳಿವೆ, ತಂತ್ರಾಂಶ ಕೊಳ್ಳಲು ಹಣವಿಲ್ಲ. ಜಿಐಎಸ್ (ಸ್ಥಳಗಳ ಮಾಹಿತಿಯನ್ನು ಕಂಪ್ಯೂಟರಿನ ನಕ್ಷೆಗೆ ಜೋಡಿಸಿ ವಿಶ್ಲೇಷಿಸುವ ವ್ಯವಸ್ಥೆ) ಮತ್ತು ದೂರಸಂವೇದಿ (ಉಪಗ್ರಹ ಮುಂತಾದವುಗಳ ಚಿತ್ರಗಳಿಂದ ನೆಲವನ್ನು ಅರಿಯುವ ವಿದ್ಯೆ) ಕಲಿಸಿ ವಿದ್ಯಾರ್ಥಿಗಳಿಗೆ ಉದ್ಯೋಗದ ದಾರಿ ತೋರಿಸಲು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. 2002ರಲ್ಲಿ ಆರಂಭವಾದ ಕ್ಯೂಜಿಐಎಸ್ ಎಂಬ ಜಿಐಎಸ್ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳಿಗೂ ಹಣ ತೆರಬೇಕಿಲ್ಲ. ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆಯು 2007ರಿಂದ ದೂರಶಿಕ್ಷಣದ ಮೂಲಕ ಈ ವಿಷಯಗಳನ್ನು ಕಲಿಸುತ್ತಿದ್ದು, ಮೊದಲು ನೀವೇ ಅಲ್ಲಿ ಕಲಿಯಬಹುದು. ಹಣದ ಕೊರತೆಗಿಂತ ನನಗೆ ಹೆಚ್ಚು ಆತಂಕ ತರುವ ಸಂಗತಿಯೆಂದರೆ, ಯಾವ ಗುಂಡಿ ಒತ್ತಿದರೆ ಯಾವ ನಕ್ಷೆ ಬರುತ್ತದೆ ಎಂಬಲ್ಲಿಗೇ ಕಲಿಕೆ ನಿಂತುಬಿಡುವುದು.

ನಿಮ್ಮ ಜಿಲ್ಲೆಯೇ ಒಳ್ಳೆಯ ಪ್ರಯೋಗಶಾಲೆ. ಬೆಂಗಳೂರಿನ ಸಂಸ್ಕರಿಸಿದ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ 2018ರಿಂದ ಕೋಲಾರದ ಕೆರೆಗಳಿಗೆ ಹರಿದುಬರುತ್ತಿದೆ. ಸೆಂಟಿನೆಲ್ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗಕ್ಕೆ ಸಮನಾದ್ದರಿಂದ, ಒಂದು ಹೆಕ್ಟೇರಿನ ಪುಟ್ಟ ಕೆರೆಯಲ್ಲೂ ಸುಮಾರು ನೂರು ಚುಕ್ಕೆಗಳು ಸಿಗುತ್ತವೆ. 2017ರ ಮತ್ತು ಈಚಿನ ಬೇಸಿಗೆಯ ಚಿತ್ರಗಳನ್ನು ಹೋಲಿಸಿ ನೀರಿನ ಹರವು ಎಷ್ಟು ಬದಲಾಗಿದೆಯೆಂದು ವಿದ್ಯಾರ್ಥಿಗಳು ಅಳೆಯಲಿ. ಜೊಂಡು, ಕಳೆಗಳು ಮುಚ್ಚಿದ ನೀರು ಉಪಗ್ರಹಕ್ಕೆ ಹಸಿರು ಹೊಲದಂತೆಯೇ ಕಾಣಬಹುದು. ಆ ತಪ್ಪು ಹಿಡಿಯಲು ಕೆರೆಯ ಏರಿಯ ಮೇಲೆ ನಿಂತು ನೋಡದೆ ಬೇರೆ ಉಪಾಯವಿಲ್ಲ. ಹಾಗೆ ಹೋಗಿ ನೋಡಿಬರುವ ಅಭ್ಯಾಸವನ್ನು ಬೆಳೆಸುವ ಕಾಲೇಜು ಅರ್ಧ ಕೆಲಸ ಮುಗಿಸಿದಂತೆ.

ಇನ್ನೊಂದು ಪಾಠವೂ ನಿಮ್ಮ ನೆಲದಲ್ಲೇ ಇದೆ. 78 ಡಿಗ್ರಿ ಪೂರ್ವ ರೇಖಾಂಶವು ಮಾಲೂರು ಮತ್ತು ಕೋಲಾರ ಪಟ್ಟಣಗಳ ನಡುವೆ ಹಾದುಹೋಗುವುದರಿಂದ, ಭೂಮಿಯನ್ನು ರೇಖಾಂಶಗಳ ಪ್ರಕಾರ ವಲಯಗಳಾಗಿ ಹಂಚಿ ಸ್ಥಳಗಳನ್ನು ಮೀಟರಿನಲ್ಲಿ ಗುರುತಿಸುವ ಯುಟಿಎಂ ಎಂಬ ನಿರ್ದೇಶಾಂಕ ಪದ್ಧತಿಯಲ್ಲಿ ಮಾಲೂರು 43ನೆಯ ವಲಯಕ್ಕೂ ಕೋಲಾರ 44ನೆಯ ವಲಯಕ್ಕೂ ಸೇರುತ್ತವೆ. ವಲಯ ಗಮನಿಸದೆ ನಿರ್ದೇಶಾಂಕಗಳನ್ನು ನಮೂದಿಸಿದರೆ ಒಂದೇ ಜಿಲ್ಲೆಯ ಎರಡು ಊರುಗಳು ನಕ್ಷೆಯಲ್ಲಿ ನೂರಾರು ಕಿಲೋಮೀಟರ್ ದೂರ ಸರಿಯುತ್ತವೆ. ಇದನ್ನು ಒಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿ ಮುಂದೆ ಯಾವ ಕಚೇರಿಯಲ್ಲೂ ನಿರ್ದೇಶಾಂಕ ಪದ್ಧತಿಯನ್ನು ಪರಿಶೀಲಿಸದೆ ಮುಂದುವರಿಯಲಾರ.

ಪಠ್ಯಕ್ರಮ ಬರೆಯುವ ಮೊದಲು ಭೂಮಾಪನ ಕಚೇರಿ, ನಗರಸಭೆ ಮತ್ತು ಸಮೀಪದ ಖಾಸಗಿ ಸರ್ವೆದಾರರನ್ನು ಕಂಡು, ಹೊಸದಾಗಿ ಸೇರುವವರಿಗೆ ಏನು ಗೊತ್ತಿರಬೇಕೆಂದು ಕೇಳಿ ಬರೆದುಕೊಳ್ಳಿ. ಅಮೆರಿಕದಲ್ಲಿ ಕಾರ್ಮಿಕ ಇಲಾಖೆಯೇ 2010ರಲ್ಲಿ ಈ ಕ್ಷೇತ್ರದ ಕೌಶಲಗಳನ್ನು ಗುರುತಿಸಿ ಒಂದು ಚೌಕಟ್ಟನ್ನು ಪ್ರಕಟಿಸಿತು. ಅಲ್ಲಿನ ಸಮುದಾಯ ಕಾಲೇಜುಗಳಿಗೆ ಅದು ನೆರವಾಯಿತು. ನಮ್ಮಲ್ಲಿ ಆ ವಿಚಾರಣೆಯನ್ನು ಉಪನ್ಯಾಸಕರೇ ನಡೆಸಬೇಕಾದೀತು.

ಪ್ರಶ್ನೆ: ಬಿ.ಎ. ಓದಿದವರಿಗೆ ಮುಂದಿನ ಓದಿನ ಅವಕಾಶವಿದೆಯೇ?

ಉತ್ತರ: ಇದೆ. ಸ್ನಾತಕೋತ್ತರ ಪ್ರವೇಶಕ್ಕೆ ಬಳಸುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಯನ್ನು ಕಲಾ ಪದವೀಧರರೂ ಬರೆಯಲು 2021ರಿಂದ ಅವಕಾಶವಿದ್ದು, 2022ರಲ್ಲಿ ಜಿಯೋಮ್ಯಾಟಿಕ್ಸ್ (ಭೂಮಾಪನ, ಜಿಐಎಸ್, ದೂರಸಂವೇದಿಗಳನ್ನು ಒಳಗೊಂಡ ವಿಷಯ) ಎಂಬ ಪ್ರತ್ಯೇಕ ಪತ್ರಿಕೆಯೂ ಸೇರಿತು. ಆದರೆ ಸ್ನಾತಕೋತ್ತರ ಪ್ರವೇಶದ ಅರ್ಹತೆಯನ್ನು ಆಯಾ ಸಂಸ್ಥೆಯೇ ನಿರ್ಧರಿಸುವುದರಿಂದ, ಅರ್ಜಿ ಹಾಕುವ ಮೊದಲು ಅದನ್ನು ಓದಿಕೊಳ್ಳಿ. ಗಣಿತವನ್ನು ಬಿಟ್ಟಿದ್ದರೆ ತ್ರಿಕೋನಮಿತಿಯನ್ನೂ ಸಂಖ್ಯಾಶಾಸ್ತ್ರವನ್ನೂ ಇಂದೇ ಮತ್ತೆ ಕೈಗೆತ್ತಿಕೊಳ್ಳಿ.